ಹೆಪ್ಪು ಎಂದು ಹೆಸರಿಟ್ಟ ಹುಳು

ಬಿಳಿ ಹುಳು ಮೊದಲು ಕಣ್ಣಿಗೆ ಬಿದ್ದದ್ದು ಪ್ರಾಕ್ಟಿಕಲ್ ಪರೀಕ್ಷೆಗಳ ಗಲಾಟೆಯ ನಡುವೆ. ಹೊರಗೆ ಹುಡುಗರು ಜಿರಲೆ ಕೊಯ್ಯುತ್ತಿದ್ದರು. ನಾನು ಒಳಗಿನ ಸಣ್ಣ ಕೋಣೆಯಲ್ಲಿ ನನ್ನ ತಟ್ಟೆಗಳ ನೀರು ಬದಲಿಸುತ್ತಿದ್ದೆ. ಕಂದು ಹುಳುಗಳ ಮಧ್ಯೆ ಒಂದು ಮಾತ್ರ ಹಾಲಿಗೆ ಎರಡು ತೊಟ್ಟು ಕಾಫಿ ಡಿಕಾಕ್ಷನ್ ಬಿಟ್ಟ ಬಣ್ಣದಲ್ಲಿತ್ತು. ಖುಷಿಯಾಗಬೇಕಿತ್ತು. ನಿಜ ಹೇಳುವುದಾದರೆ ಆ ಕ್ಷಣ ನನಗೆ ಅನ್ನಿಸಿದ್ದು, ‘ಅಯ್ಯೋ, ಇದನ್ನೂ ಇನ್ನು ನೋಡಿಕೊಳ್ಳಬೇಕಲ್ಲ’ ಎಂದು.

ಎಮರ್ಜೆನ್ಸಿ ಮುಗಿದು ಒಂದೆರಡು ವರ್ಷವಾಗಿದ್ದ ಕಾಲ. ತುಮಕೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳುತ್ತ, ಬೆಂಗಳೂರಿನ ಮಾರ್ಗದರ್ಶಕರೊಬ್ಬರ ಕೈಕೆಳಗೆ ಪಿಎಚ್.ಡಿ.ಗೆ ಹೆಸರು ಕೊಟ್ಟು ಕೂತಿದ್ದೆ. ವಿಷಯ ಚಪ್ಪಟೆ ಹುಳು, ಪ್ಲನೇರಿಯ. ಹರಿಯುವ ತಣ್ಣನೆ ನೀರಿನಲ್ಲಿ ಕಲ್ಲಿನಡಿ ಇರುವ, ಉಗುರಿಗಿಂತ ಒಂಚೂರು ಉದ್ದದ ಪ್ರಾಣಿ. ಕುಣಿಗಲ್‌ನಲ್ಲಿ ಬಸ್ಸು ಬದಲಿಸಿ ಹುಲಿಯೂರುದುರ್ಗಕ್ಕೆ ಹೋಗಿ, ಬೆಟ್ಟದ ಬುಡದಲ್ಲಿ ಜಿನುಗುವ ಒಂದು ತೊರೆಯಿಂದ ಇವನ್ನು ತಂದಿದ್ದೆ. ಕುರಿಯ ಈಲಿಯ, ಅಂದರೆ ಲಿವರ್‌ನ, ಚೂರನ್ನು ದಾರಕ್ಕೆ ಕಟ್ಟಿ ಕಲ್ಲಿನಡಿ ಇಳಿಬಿಟ್ಟರೆ ಸ್ವಲ್ಪ ಹೊತ್ತಿಗೆ ಮುತ್ತಿಕೊಳ್ಳುತ್ತವೆ. ಬಟ್ಟೆ ಒಗೆಯಲು ಬಂದ ಹೆಂಗಸರು “ಏಡಿ ಹಿಡೀತಿದೀರೇನಮ್ಮ?” ಎಂದು ಕೇಳುತ್ತಿದ್ದರು. ಮೊಟ್ಟೆಯನ್ನೂ ಮುಟ್ಟದ ಮನೆಯಲ್ಲಿ ಬೆಳೆದವಳು ಈಲಿ ಹಿಡಿದು ಕೂತಿರುವುದನ್ನು ನಮ್ಮಮ್ಮ ನೋಡಿದ್ದರೆ ಅಲ್ಲಿಯೇ ತಲೆ ಚಚ್ಚಿಕೊಳ್ಳುತ್ತಿದ್ದಳು.

ನಮ್ಮ ಕಡೆಯ ಈ ಹುಳುವಿಗೆ ಗಂಡು ಹೆಣ್ಣಿನ ರಗಳೆಯಿಲ್ಲ. ತಿಂದು ಮೈ ಬೆಳೆಸಿಕೊಂಡ ಮೇಲೆ ಕತ್ತಲಲ್ಲಿ ಬಾಲದ ತುದಿಯನ್ನು ತಳಕ್ಕೆ ಅಂಟಿಸಿಕೊಂಡು ತಲೆಯನ್ನು ಮುಂದಕ್ಕೆ ಎಳೆಯುತ್ತದೆ. ಎಳೆದೂ ಎಳೆದೂ ಸೊಂಟದ ಹತ್ತಿರ ಹರಿದು ಎರಡಾಗುತ್ತದೆ. ತಲೆಯ ತುಂಡಿಗೆ ಬಾಲ ಬರುತ್ತದೆ, ಬಾಲದ ತುಂಡಿಗೆ ತಲೆ ಬರುತ್ತದೆ. ಹಾಗಾಗಿ ಒಂದು ಹುಳುವಿನಿಂದ ಬಂದ ಸಂತಾನವೆಲ್ಲ ಒಂದೇ ಅಚ್ಚಿನ ಬೆಲ್ಲದಂತೆ ಇರಬೇಕು ಎನ್ನುವುದು ಪುಸ್ತಕದ ಮಾತು. ಆ ಮಾತು ಎಷ್ಟರಮಟ್ಟಿಗೆ ನಿಜ ಎಂದು ನೋಡುವುದು ನನ್ನ ಕೆಲಸವಾಗಿತ್ತು. ಪ್ರತಿ ತಟ್ಟೆಯನ್ನೂ ಒಂದೇ ಹುಳುವಿನಿಂದ ಶುರುಮಾಡಿ, ಅದರ ಮಕ್ಕಳು ಮೊಮ್ಮಕ್ಕಳನ್ನು ಬೇರೆ ತಟ್ಟೆಯವರೊಂದಿಗೆ ಬೆರೆಯದಂತೆ ಕಾಯುತ್ತಿದ್ದೆ.

ಬಿಳಿಯದನ್ನು ಬೇರೆ ತಟ್ಟೆಗೆ ಹಾಕಿದೆ. ಹರಿದ ಜಾಗದಲ್ಲಿ ಹೊಸದಾಗಿ ಬೆಳೆದ ಭಾಗ ಯಾವ ಹುಳುವಿನಲ್ಲೂ ಮೊದಲು ಬಿಳಿಯೇ ಇರುತ್ತದೆ, ಆಮೇಲೆ ಬಣ್ಣ ತುಂಬುತ್ತದೆ. ಇದಕ್ಕೆ ತುಂಬಲಿಲ್ಲ. ವಾರಗಟ್ಟಲೆ ಕಾದೆ. ಅದು ಎರಡಾಯಿತು, ನಾಲ್ಕಾಯಿತು. ಆಮೇಲೆ ಶುರುವಾಯಿತು ತಲೆನೋವು. ಬಿಳಿಯ ಮಕ್ಕಳೆಲ್ಲ ಬಿಳಿಯಾಗಲಿಲ್ಲ. ಬಹಳಷ್ಟು ಬಿಳಿ, ಆದರೆ ನಡುನಡುವೆ ಯಾವ ಲೆಕ್ಕಕ್ಕೂ ಸಿಗದಂತೆ ಒಂದೊಂದು ಕಂದು. ಬ್ಲೇಡಿನಿಂದ ಕತ್ತರಿಸಿ ನೋಡೋಣವೆಂದರೆ ಬಿಳಿ ಹುಳು ಬ್ಲೇಡು ತಾಗಿದರೆ ಕೊಳೆತೇ ಹೋಗುತ್ತಿತ್ತು. ಕಂದು ಹುಳುವನ್ನು ಹೇಗೆ ಕೊಯ್ದರೂ ಬದುಕುತ್ತದೆ. ಇದು ಮಾತ್ರ ತಾನಾಗಿ ಹರಿದುಕೊಂಡರೆ ಉಂಟು, ನಾವು ಕೈ ಹಾಕಿದರೆ ಇಲ್ಲ. ಯಾಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಮರುವರ್ಷದ ಸಂಕ್ರಾಂತಿಯ ಹೊತ್ತಿಗೆ ಮಾರ್ಗದರ್ಶಕರು ಒಮ್ಮೆ ತುಮಕೂರಿಗೆ ಬಂದವರು ತಟ್ಟೆಗಳನ್ನು ನೋಡಿದರು. ಕೆಟ್ಟ ಮನುಷ್ಯರಲ್ಲ, ಮಾತು ಕಮ್ಮಿ. ಬಿಳಿ, ಕಂದು ಎರಡೂ ಇದ್ದ ತಟ್ಟೆಯ ಮೇಲೆ ಬಾಗಿ ಬಹಳ ಹೊತ್ತು ನಿಂತರು.

“ನಿಮ್ಮ ಕಲ್ಚರು ಬೆರಕೆ ಆಗಿದೆಯಮ್ಮ,” ಎಂದರು.

“ಇಲ್ಲ ಸಾರ್. ಒಂದೇ ಹುಳುವಿನಿಂದ ಬಂದಿದ್ದು.”

“ಒಂದೇ ಹುಳುವಿನಿಂದ ಎರಡು ಬಣ್ಣ ಬರೋದು ಹೇಗೆ? ಡ್ರಾಪರ್‌ನಲ್ಲಿ ಎಲ್ಲೋ ಒಂದು ಅಂಟಿಕೊಂಡು ಬಂದಿರುತ್ತೆ. ಬೆರಕೆ. ಇದನ್ನ ಥೀಸಿಸ್ಸಿಗೆ ಹಾಕೋಕಾಗಲ್ಲ. ಮ್ಯುಟೇಶನ್ ಅನ್ನೋದಾದ್ರೆ ಕ್ರೋಮೋಸೋಮ್ ತೋರ್ಸಿ.”

ಬೆರಕೆ ಎನ್ನುವ ಮಾತು ಹಾಲಿನವಳಿಗೆ ‘ನೀರು ಬೆರೆಸಿದ್ದೀಯ’ ಎಂದಂತೆ ನನಗೆ ನಾಟಿತು. ನಾನು ಒಂದೊಂದು ತಟ್ಟೆಗೆ ಒಂದೊಂದು ಡ್ರಾಪರ್ ಇಟ್ಟವಳು. ಮಗುವಿಗೆ ಜ್ವರ ಬಂದ ದಿನವೂ ಬಂದು ನೀರು ಬದಲಿಸಿ ಹೋದವಳು. ನನ್ನ ನೋಂದಣಿಯ ಅವಧಿ ಆ ವರ್ಷದ ಕೊನೆಗೆ ಮುಗಿಯುವುದರಲ್ಲಿತ್ತು. ಬಿಳಿ ಹುಳುವಿಗೆ ಪುರಾವೆ ಸಿಕ್ಕರೆ ಅವಧಿ ವಿಸ್ತರಿಸಲು ಅವರು ಬರೆದುಕೊಡುತ್ತಿದ್ದರು, ಇಲ್ಲವಾದರೆ ಅಲ್ಲಿಗೆ ಮುಗಿಯಿತು.

ಹುಳುವಿನ ಕ್ರೋಮೋಸೋಮು ನೋಡುವುದೆಂದರೆ ಹುಳುವನ್ನು ಕೊಲ್ಲುವುದು. ತಾನಾಗಿ ಹರಿದ ತುಂಡು ಹೊಸ ತಲೆ ಬೆಳೆಸುವಾಗ ಅಲ್ಲಿಯ ಜೀವಕೋಶಗಳು ಭರದಿಂದ ಒಡೆಯುತ್ತಿರುತ್ತವೆ. ಆ ಹೊತ್ತಿಗೆ ಕಾಲ್ಚಿಸಿನ್ ನೀರಿನಲ್ಲಿಟ್ಟು ಒಡೆಯುವುದನ್ನು ಅರ್ಧಕ್ಕೆ ನಿಲ್ಲಿಸಬೇಕು. ಆಮೇಲೆ ಆಸಿಡ್ಡಿನಲ್ಲಿ ಮೆತ್ತಗೆ ಮಾಡಿ, ಬಣ್ಣ ಹಾಕಿ, ಗಾಜಿನ ನಡುವೆ ಹೆಬ್ಬೆರಳಿನಿಂದ ಒತ್ತಬೇಕು. ಬೆರಳು ಒಂಚೂರು ಜಾರಿದರೆ ಎಲ್ಲ ಕಲಸಿದ ಹಿಟ್ಟು. ಕಂದು ಹುಳುವಿನ ಮೇಲೆ ಕೈ ಪಳಗಿಸಿಕೊಳ್ಳುತ್ತ ಎಷ್ಟೋ ಸ್ಲೈಡು ಕೆಡಿಸಿದೆ. ಬಿಳಿಯದಕ್ಕೆ ಕೈ ಹಾಕುವಷ್ಟು ಧೈರ್ಯ ಬರುವ ಹೊತ್ತಿಗೆ ಊರಲ್ಲಿ ವಾಂತಿಭೇದಿಯ ಗಾಬರಿ ಎದ್ದಿತು. ಕಾಲೇಜಿನವರು ಸರಿಯಾದ ಕೆಲಸವನ್ನೇ ಮಾಡಿದರು, ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿದರು. ನನ್ನ ಹುಳುಗಳಿಗೆ ಹೋಗುತ್ತಿದ್ದದ್ದು ಅದೇ ಬಾವಿಯ ನೀರು. ಆ ವಾರ ನಾನು ಬೆಂಗಳೂರಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ.

ವಾಪಸ್ಸು ಬಂದಾಗ ಲ್ಯಾಬಿನ ಅಟೆಂಡರ್ ಬಾಗಿಲಲ್ಲೇ ನಿಂತಿದ್ದ. “ಮೇಡಮ್ಮೋರೆ, ನಾನೇನೂ ಮಾಡ್ನಿಲ್ಲ. ದಿನಾ ಹಾಕೋ ಹಂಗೇ ನೀರಾಕ್ದೆ. ಎಲ್ಲಾ ಸುರುಟ್ಕಂಡ್ಬುಟ್ಟವೆ,” ಎಂದ. ಒಂದು ತಟ್ಟೆಯಲ್ಲೂ ಜೀವ ಉಳಿದಿರಲಿಲ್ಲ. ಲೋಳೆಯಂಥದ್ದು ತಳಕ್ಕೆ ಹತ್ತಿತ್ತು. ಬೈಯಲು ಯಾರಾದರೂ ಸಿಕ್ಕಿದ್ದರೆ ಹಗುರವಾಗುತ್ತಿತ್ತೇನೋ. ಯಾರ ತಪ್ಪೂ ಅಲ್ಲದ ಅನಾಹುತದಷ್ಟು ಸುಸ್ತು ತರುವುದು ಇನ್ನೊಂದಿಲ್ಲ. ಸ್ಟೂಲಿನ ಮೇಲೆ ಕೂತು ತಟ್ಟೆಗಳನ್ನು ಒಂದೊಂದಾಗಿ ತೊಳೆದಿಟ್ಟೆ.

ತೊಳೆಯುವಾಗಲೇ ಗುಬ್ಬಿಯ ನೆನಪಾದದ್ದು.

ಗುಬ್ಬಿಯ ಜೂನಿಯರ್ ಕಾಲೇಜಿನಲ್ಲಿ ಪಾಠ ಹೇಳುವ ಒಬ್ಬಳು ನನ್ನ ಜೊತೆ ಓದಿದವಳು. ಬೇಸಿಗೆಗೆ ಮುಂಚೆ ಬಂದವಳು, “ನಿನ್ ಹುಳದ್ದು ಒಂಚೂರು ಹೆಪ್ಪು ಕೊಡೇ, ಪಿಯುಸಿ ಹುಡುಗ್ರಿಗೆ ತೋರಿಸ್ಬೇಕು” ಎಂದಿದ್ದಳು. ಒಂಚೂರು ಹಾಕಿದರೆ ಪಾತ್ರೆ ತುಂಬುವ ಈ ಹುಳುವಿಗೆ ಹೆಪ್ಪು ಎನ್ನುವುದು ನಮ್ಮಿಬ್ಬರ ತಮಾಷೆಯ ಹೆಸರು. ಮಾಮೂಲಿ ಕಂದು ಹುಳುಗಳ ಜೊತೆ, ಬಿಳಿ ಹುಳುವಿನ ತಟ್ಟೆಯಿಂದಲೂ ನಾಲ್ಕಾರನ್ನು ಅವಳ ಬಾಟಲಿಗೆ ಹಾಕಿಕೊಟ್ಟಿದ್ದೆ. ಅದರಲ್ಲಿ ಏನು ಉಳಿದಿದೆಯೋ ಗೊತ್ತಿರಲಿಲ್ಲ. ಪಾತ್ರೆ ತೊಳೆದ ಕೈಯಲ್ಲೇ ಬಸ್‌ಸ್ಟ್ಯಾಂಡಿಗೆ ನಡೆದೆ.

ಗುಬ್ಬಿಯಲ್ಲಿ ಅಂದು ಸಂತೆ. ಬಸ್ಸು ತೆಂಗಿನಕಾಯಿ ಗಾಡಿಗಳ ಹಿಂದೆ ತೆವಳಿ ಊರು ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು. ಕಾಲೇಜಿಗೆ ರಜೆಯಾದ್ದರಿಂದ ಗೆಳತಿ ಬಾಟಲಿಯನ್ನು ಮನೆಗೆ ತಂದಿಟ್ಟುಕೊಂಡಿದ್ದಳು. ಬಚ್ಚಲುಮನೆಯ ಕತ್ತಲ ಮೂಲೆಯಲ್ಲಿಟ್ಟು, ತೊಟ್ಟಿಯಿಂದ ಸೊಳ್ಳೆಮರಿ ಹಿಡಿದು ಹಾಕಿ ಸಾಕುತ್ತಿದ್ದಳು. ಕ್ಲಾಸಿನಲ್ಲಿ ಕೊಯ್ದ ಬಿಳಿ ಹುಳುಗಳೆಲ್ಲ ಕೊಳೆತುಹೋಗಿದ್ದವು. ಕಂದು ಹುಳುಗಳ ನಡುವೆ ಉಳಿದದ್ದು ಒಂದೇ ಒಂದು ಬಿಳಿ. ಆದರೆ ದಪ್ಪಗೆ, ಚೆನ್ನಾಗಿ ತಿಂದುಂಡಂತೆ ಇತ್ತು.

ಅದನ್ನು ನೋಡಿದ ಕೂಡಲೇ ಲೆಕ್ಕ ಹಾಕಿದೆ. ತಾನಾಗಿ ಎರಡಾಗಲಿ ಎಂದು ಕಾಯುತ್ತ ಕೂತರೆ ಈ ಸೆಕೆಯಲ್ಲಿ ಯಾವತ್ತಾದರೂ ಸತ್ತೀತು. ಸತ್ತರೆ ಪುರಾವೆಯೂ ಇಲ್ಲ, ಹುಳುವೂ ಇಲ್ಲ. ಇಡೀ ಹುಳುವನ್ನೇ ಈಗಲೇ ಒಯ್ದು ಸ್ಲೈಡು ಮಾಡಿಬಿಟ್ಟರೆ, ಆ ವಂಶ ಮುಗಿದರೂ ನನ್ನ ಮಾತಾದರೂ ಉಳಿಯಬಹುದು. ಸಾಕಾಗಿ ಹೋಗಿತ್ತು. “ತಗೊಂಡು ಹೋಗ್ತೀನಿ ಕಣೇ,” ಎಂದು ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡೆ.

ನಡುಮನೆಯಲ್ಲಿ ಗೆಳತಿಯ ಅತ್ತೆ ಆಗತಾನೆ ದೀಪ ಹಚ್ಚಿ ಕೂತಿದ್ದರು. ಎರಡು ಕಣ್ಣಿಗೂ ಪೊರೆ ಬಂದು ಎಲ್ಲ ಮಸುಕು. ಆದರೆ ಕಿವಿ ಚುರುಕು.

“ಏನಮ್ಮ ಅದು, ನೀರು ಕುಲುಕ್ತಾ ಐತೆ?”

“ನಾನು ಕೊಟ್ಟಿದ್ದ ಬಾಟ್ಲಿ ಅಮ್ಮ, ವಾಪಸ್ ತಗೊಂಡು ಹೋಗ್ತಿದೀನಿ.”

“ಬಚ್ಲಲ್ಲಿ ಮಡಗಿದ್ಳಲ್ಲ, ಆ ಕಾಲೇಜಿನ ಹೆಪ್ಪಾ?”

ನಾನು ಗೆಳತಿಯ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಮನೆಯೊಳಗೆ ಹುಳ ಸಾಕುತ್ತಿದ್ದೇನೆ ಎಂದರೆ ರಂಪವಾದೀತೆಂದು ಅವಳು ಅತ್ತೆಗೆ ನಮ್ಮ ತಮಾಷೆಯ ಹೆಸರನ್ನೇ ಹೇಳಿಬಿಟ್ಟಿದ್ದಳು. ಕಾಲೇಜಿನ ಹೆಪ್ಪು, ಯಾರೂ ಮುಟ್ಟಬೇಡಿ ಎಂದು.

“ಹೂಂ ಅಮ್ಮ,” ಎಂದೆ. ಇನ್ನೇನು ಹೇಳಲಿ?

“ಹಂಗಾರೆ ಈಗ ಒಯ್ಯಂಗಿಲ್ಲ. ದೀಪ ಹಚ್ಚಾದ್ಮೇಲೆ ಹೆಪ್ಪು ಹೊಸಲು ದಾಟಬಾರ್ದು. ಓದ್ದೋರಾಗಿ ಅಷ್ಟೂ ತಿಳೀದಾ? ಬೆಳಿಗ್ಗೆ ತಗಂಡೋಗು.”

“ಬಸ್ಸು ಹೊರಟೋಗುತ್ತೆ ಅಮ್ಮ.”

“ಹೋದ್ರೆ ಹೋಗ್ಲಿ ಬುಡು. ಊಟ ಮಾಡ್ಕಂಡು ಮಲಕ್ಕೊ.”

ಈಗ ‘ಅದು ಹೆಪ್ಪಲ್ಲ, ಹುಳ’ ಎಂದರೆ ನಾನು ಬಸ್ಸು ಹತ್ತಿ ಹೋಗಬಹುದಿತ್ತು. ಆ ಮನೆಯಲ್ಲಿ ಬಾಳಬೇಕಾದವಳು ಗೆಳತಿ. ಬಚ್ಚಲಿಗೆ ಹೋಗಿ ಬಾಟಲಿಯನ್ನು ಮೊದಲಿದ್ದ ಮೂಲೆಯಲ್ಲೇ ಇಟ್ಟು ಬಂದೆ. ಒಳಗೊಳಗೇ ಎಷ್ಟು ಸಿಟ್ಟು ಬಂದಿತ್ತೆಂದರೆ ಬಡಿಸಿದ ಸಾರಿನಲ್ಲಿ ಉಪ್ಪಿತ್ತೋ ಇಲ್ಲವೋ ತಿಳಿಯಲಿಲ್ಲ. ಒಂದು ಸುಳ್ಳಿಗೆ ಒಂದು ಶಾಸ್ತ್ರ ಗಂಟುಬಿದ್ದು ನನ್ನನ್ನು ಕಟ್ಟಿಹಾಕಿತ್ತು.

ಬೆಳಿಗ್ಗೆ ಮುಖ ತೊಳೆಯಲು ಹೋದವಳು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದೆ. ಬಿಳಿ ಹುಳು ಚಿಕ್ಕದಾಗಿ ಕಂಡಿತು. ಇನ್ನೇನು ಕೊಳೆಯಲು ಶುರುವಾಯಿತು ಎಂದುಕೊಂಡೆ. ಲೆನ್ಸು ತೆಗೆದು ನೋಡಿದರೆ ಗಾಜಿಗೆ ಅಂಟಿಕೊಂಡು ಇನ್ನೊಂದು ಬಿಳಿ ತುಣುಕು, ತಲೆಯಿಲ್ಲದ್ದು, ಸಣ್ಣಗೆ ಮಿಸುಕಾಡುತ್ತಿತ್ತು. ಕತ್ತಲಲ್ಲಿ ತಾನಾಗಿ ಹರಿದುಕೊಂಡಿತ್ತು. ಹಿಂದಿನ ಸಂಜೆ ನಾನು ಒಯ್ದಿದ್ದರೆ ಅಷ್ಟು ಹೊತ್ತಿಗೆ ಅದು ಆಸಿಡ್ಡಿನಲ್ಲಿರುತ್ತಿತ್ತು. ಬಚ್ಚಲ ಕಲ್ಲಿನ ಮೇಲೆ ಹಾಗೇ ಕೂತುಬಿಟ್ಟೆ. ನಗುವೋ ಅಳುವೋ, ಯಾವುದು ಬಂತು ಎಂದು ನೆನಪಿಲ್ಲ.

ಎರಡನ್ನೂ ಒಯ್ದು ಎರಡನ್ನೂ ಸ್ಲೈಡು ಮಾಡಿದರೆ ಪುರಾವೆ ಗಟ್ಟಿ. ಒಂದರ ಮೇಲೆ ಬೆರಳು ಜಾರಿದರೂ ಇನ್ನೊಂದಿರುತ್ತದೆ. ನನ್ನ ಅವಸರಕ್ಕೆ ಅದೇ ಸರಿಯಾಗಿತ್ತು. ಆದರೆ ಬೆಳಗಿನ ಆ ಬೆಳಕಿನಲ್ಲಿ ತಲೆಯ ತುಂಡು ಏನೂ ಆಗಿಲ್ಲವೆಂಬಂತೆ ಗಾಜಿನ ಮೇಲೆ ಹರಿದು ಹೋಗುವುದನ್ನು ನೋಡಿ ನನಗೆ ಮನಸ್ಸು ಬರಲಿಲ್ಲ. ಬಾಲದ ತುಂಡನ್ನು ಮಾತ್ರ ಒಯ್ಯುವುದು, ತಲೆಯನ್ನು ಇಲ್ಲೇ ಬಿಡುವುದು ಎಂದು ನಿರ್ಧರಿಸಿದೆ. ಬಿಟ್ಟರೂ ಕಂದು ಹುಳುಗಳ ಜೊತೆ ಬಿಡುವ ಹಾಗಿರಲಿಲ್ಲ. ಬಾವಿಯ ನೀರನ್ನು ಕಾಯಿಸಿ ಆರಿಸಿ, ಕಾಫಿ ಹೊಯ್ದಂತೆ ಎತ್ತರದಿಂದ ಹೊಯ್ದು ಗಾಳಿ ಸೇರಿಸಿ, ಕುದಿಸಿ ತೊಳೆದ ಇನ್ನೊಂದು ಬಾಟಲಿಯಲ್ಲಿ ಆ ಒಂದನ್ನೇ ಹಾಕಿದೆ. ಕಂದು ಹುಳುಗಳಿದ್ದ ಹಳೆಯ ಬಾಟಲಿಯನ್ನು ನಾನೇ ಇಟ್ಟುಕೊಂಡೆ. ಇನ್ನು ಇದಕ್ಕೆ ಸೊಳ್ಳೆಮರಿಯನ್ನು ತೊಳೆದೇ ಹಾಕು ಎಂದು ಗೆಳತಿಗೆ ಹೇಳಿದೆ. ಬೆರಕೆ ಎನ್ನುವ ಮಾತಿಗೆ ಜಾಗವೇ ಇರಬಾರದಿತ್ತು.

ಹೊಸಲಲ್ಲಿ ಅತ್ತೆ ಕೇಳಿದರು, “ಪೂರ್ತಿ ಬಳಕಂಡೋಗ್ತಿಲ್ವಲ್ಲಾ? ಹೆಪ್ಪು ಪೂರ್ತಿ ಕೊಡಬಾರ್ದು. ಕೊಟ್ಟ ಮನೇಲಿ ಒಂಚೂರು ಇರ್ಬೇಕು.”

“ಇಟ್ಟಿದೀನಿ ಅಮ್ಮ,” ಎಂದೆ. ಹೆಪ್ಪಿನ ವಿಷಯದಲ್ಲಿ ಆ ಮನೆಯಲ್ಲಿ ನಾನಾಡಿದ ಒಂದೇ ನಿಜ ಅದು.

ತುಮಕೂರಿನಲ್ಲಿ ಬಾಲದ ತುಂಡಿಗೆ ತಲೆ ಚಿಗುರುವ ತನಕ ಕಾದೆ. ಕಾಲ್ಚಿಸಿನ್‌ನಲ್ಲಿಟ್ಟೆ, ಆಸಿಡ್ಡಿಗೆ ಹಾಕಿದೆ, ಆರ್ಸೀನ್ ಬಣ್ಣದ ತೊಟ್ಟಿನಲ್ಲಿ ಸೂಜಿಯಿಂದ ಬಿಡಿಸಿದೆ. ಕವರ್‌ಸ್ಲಿಪ್ಪಿನ ಮೇಲೆ ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳು ಊರುವಾಗ ಅಟೆಂಡರ್‌ಗೆ ಫ್ಯಾನು ನಿಲ್ಲಿಸಲು ಹೇಳಿದೆ. ಅವನು ಫ್ಯಾನು ನಿಲ್ಲಿಸಿ ತಾನೂ ಉಸಿರು ಬಿಗಿಹಿಡಿದು ನಿಂತ. ಬೆರಳು ಜಾರಲಿಲ್ಲ.

ಮೈಕ್ರೊಸ್ಕೋಪಿನಲ್ಲಿ ಮೊದಲು ಕಂಡ ಜೀವಕೋಶದಲ್ಲಿ ಕ್ರೋಮೋಸೋಮುಗಳು ಕಂದು ಹುಳುವಿನಲ್ಲಿ ಇರುವಷ್ಟೇ ಇದ್ದವು. ಪಕ್ಕದ್ದನ್ನು ನೋಡಿದೆ. ಅದರಲ್ಲಿ ಅಷ್ಟೂ ಇದ್ದು, ಜೊತೆಗೆ ಚುಕ್ಕಿಯಂಥ ಪುಟ್ಟದೊಂದು ಹೆಚ್ಚಿಗೆ ಇತ್ತು. ಕೊಳೆಯೇನೋ ಎಂದು ಮತ್ತೊಂದು ನೋಡಿದೆ. ಅಲ್ಲೂ ಇತ್ತು. ಇನ್ನೊಂದರಲ್ಲಿ ಇಲ್ಲ. ಇದೆ, ಇದೆ, ಇಲ್ಲ, ಇದೆ. ಕುತ್ತಿಗೆ ಹಿಡಿದುಕೊಳ್ಳುವವರೆಗೆ ನೋಡಿದೆ. ಒಂದೇ ಮೈಯಲ್ಲಿ ಎರಡು ಕುಲದ ಜೀವಕೋಶಗಳು ಒಟ್ಟಿಗೆ ಸಂಸಾರ ಮಾಡುತ್ತಿದ್ದವು. ಹರಿದುಕೊಂಡಾಗ ಯಾವ ತುಂಡಿಗೆ ಯಾವುದರ ಪಾಲು ಹೆಚ್ಚು ಹೋಗುತ್ತದೋ ಆ ಬಣ್ಣ ಎಂದು ನನಗೆ ಹೊಳೆಯಿತು.

ಮಾರ್ಗದರ್ಶಕರು ಆ ಸ್ಲೈಡನ್ನು ನನಗಿಂತಲೂ ಹೆಚ್ಚು ಹೊತ್ತು ನೋಡಿದರು. “ಚೆನ್ನಾಗಿದೆ,” ಎಂದರು. ಅವರ ಬಾಯಿಂದ ಅದು ದೊಡ್ಡ ಮಾತು. ಆಮೇಲೆ, “ಒಂದು ಸ್ಲೈಡು ಸಾಲದು. ಒಂದೇ ಹುಳುವಿನಿಂದ ಕಂದೂ ಬರುತ್ತೆ ಅಂತ ತೋರಿಸ್ಬೇಕು. ಇನ್ನೊಂದು ಅರ್ಧ ಇದೆಯಾ?”

“ಗುಬ್ಬೀಲಿದೆ ಸಾರ್.”

“ಅದನ್ನ ತನ್ನಿ.”

ಕಾಲೇಜು ಶುರುವಾಗಿ, ಅಡ್ಮಿಷನ್ನು, ಟೈಮ್‌ಟೇಬಲ್ಲು ಎಂದು ನಾನು ಗುಬ್ಬಿಗೆ ಹೋಗುವಷ್ಟರಲ್ಲಿ ಮಳೆಗಾಲ ಬಂದಿತ್ತು. ಅಲ್ಲಿಯ ತನಕದ ಸುದ್ದಿಯೆಲ್ಲ ಒಳ್ಳೆಯದೇ. ಹುಳು ಬೆಳೆದಿದೆ, ಮತ್ತೆ ಹರಿದಿದೆ ಎಂದು ಗೆಳತಿ ಹೇಳಿಕಳಿಸಿದ್ದಳು. ಈ ಸಲ ಬುದ್ಧಿ ಕಲಿತು ಬೆಳಗಿನ ಬಸ್ಸಿಗೇ ಹೋದೆ. ಗೆಳತಿ ಬಾಗಿಲಲ್ಲಿ ನಿಂತಿದ್ದ ರೀತಿ ನೋಡಿದಾಗಲೇ ಏನೋ ಆಗಿದೆ ಎಂದು ತಿಳಿಯಿತು. ಒಳಗೆ ಅತ್ತೆ ಕೂತಿದ್ದರು. ಕಣ್ಣಿನ ಕ್ಯಾಂಪಿನಲ್ಲಿ ಆಪರೇಷನ್ ಆಗಿ, ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ ಹಾಕಿಕೊಂಡು, ಮನೆಯ ಮೂಲೆಮೂಲೆಯನ್ನೂ ಹೊಸದಾಗಿ ನೋಡುತ್ತಿದ್ದರು.

“ಬಾರಮ್ಮ. ನೀನೇನಾ ಹೆಪ್ಪಿನೋಳು?” ಎಂದರು. “ನೆನ್ನೆ ನೋಡ್ದೆ ಕಣೇ ನಿಮ್ಮ ಹೆಪ್ಪನ್ನ! ಇಬ್ರೂ ಸೇರ್ಕಂಡು ಕಣ್ಣಿಲ್ದೋಳಿಗೆ ಚೆನ್ನಾಗಿ ಹೇಳಿದ್ರಿ.”

“ಅಮ್ಮ, ಬಾಟ್ಲಿ ಎಲ್ಲಿ?”

“ಪಾಪ, ಜೀವ ಇರೋ ಹುಳ. ಬಾಟ್ಲೀಲಿ ಕೂಡಾಕಿದ್ರಲ್ಲ, ಏನ್ ಮನಸ್ಸೋ ನಿಮ್ದು. ಬಾವಿಗೆ ಬುಟ್ಟೆ.”

ನಾನು ಹೊಸಲಿನ ಮೇಲೆ ಕೂತೆ. ಕೂರಬಾರದ ಜಾಗ ಅದು. ಸಿಟ್ಟು ಬರಲೂ ಒಂದು ಶಕ್ತಿ ಬೇಕು. ಅವರು ಕೊಂದಿರಲಿಲ್ಲ, ಬಿಟ್ಟಿದ್ದರು. ಕೊಲ್ಲಬೇಕೆಂದು ಬಂದವಳು ನಾನು.

ಅತ್ತೆ ಎದ್ದು ಹತ್ತಿರ ಬಂದು, “ಪೂರ್ತಿ ಚೆಲ್ಲಿಲ್ಲ ಕಣಮ್ಮ, ಅಳಬ್ಯಾಡ. ತಳದಲ್ಲಿ ಒಂಚೂರು ಮಡಗಿವ್ನಿ,” ಎಂದರು. “ಹುಳನೋ ಹೆಪ್ಪೋ. ಹೆಪ್ಪು ಅಂತ ಮನೆಗೆ ಬಂತಲ್ಲ, ಪೂರ್ತಿ ಖಾಲಿ ಮಾಡಿದ್ರೆ ಆಯ್ತದಾ?”

ಬಾಟಲಿಯ ತಳದಲ್ಲಿ ಒಂದು ಬೆರಳು ನೀರಿತ್ತು. ಅದರಲ್ಲಿ ಒಂದೇ ಹುಳು. ಸಣ್ಣದು, ಪೂರ್ತಿ ಕಂದು. ಬಿಳಿಯದೆಲ್ಲ ಬಾವಿಗೆ ಹೋಗಿತ್ತು. ಅದು ಬಿಳಿಯ ಮಗಳು ಎಂದು ಗೊತ್ತಿದ್ದದ್ದು ನನಗೂ ಗೆಳತಿಗೂ ಮಾತ್ರ. ಬೇರೆ ಯಾರಿಗೆ ತೋರಿಸಿದರೂ ಹುಲಿಯೂರುದುರ್ಗದ ತೊರೆಯಲ್ಲಿ ಇಂಥವು ರಾಶಿ ಇವೆ ಎನ್ನುತ್ತಿದ್ದರು.

ಅದನ್ನು ಒಯ್ದೆ, ಎರಡಾಗಲಿ ಎಂದು ಕಾದೆ. ನೀರು ಬದಲಿಸಿದೆ, ತಿನ್ನಿಸಿದೆ. ಎರಡಾಗುವ ಬದಲು ಅದು ದಿನೇ ದಿನೇ ಕುಗ್ಗುತ್ತ ಬಂತು. ಸಾಯುವುದಕ್ಕೆ ಮೊದಲು ಮಾಡಬೇಕಾದ್ದನ್ನು ಮಾಡಿದೆ. ಬಾಲದ ತುದಿಯನ್ನು ಬ್ಲೇಡಿನಿಂದ ಕೊಯ್ದು, ಗಾಯದಲ್ಲಿ ಹೊಸ ಚಿಗುರು ಏಳುವ ತನಕ ತಡೆದು, ಆಮೇಲೆ ಪೂರ್ತಿ ಹುಳುವನ್ನೇ ಗಾಜಿನ ನಡುವೆ ಇಟ್ಟು ಒತ್ತಿದೆ. ಕಂದು ಹುಳು. ಹೆಚ್ಚಿನ ಜೀವಕೋಶಗಳು ಎಲ್ಲ ಕಂದು ಹುಳುಗಳಂತೆಯೇ. ಹುಡುಕಿ ಹುಡುಕಿ ಕಣ್ಣು ಉರಿಯುವ ಹೊತ್ತಿಗೆ ಒಂದರಲ್ಲಿ ಆ ಪುಟ್ಟ ಚುಕ್ಕಿ ಕಂಡಿತು. ಸ್ವಲ್ಪ ಆಚೆಗೆ ಇನ್ನೊಂದರಲ್ಲಿ. ತಾಯಿಯ ಗುರುತು ಅಲ್ಲೊಂದು ಇಲ್ಲೊಂದು ಅಡಗಿ ಕೂತಿತ್ತು.

ಎರಡು ಸ್ಲೈಡನ್ನೂ ಅಕ್ಕಪಕ್ಕ ಇಟ್ಟು ಮಾರ್ಗದರ್ಶಕರು ಒಂದಾದ ಮೇಲೊಂದು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಬಣ್ಣಕ್ಕೆ ಆ ಚುಕ್ಕಿಯೇ ಕಾರಣ ಎಂದು ಇದರಿಂದ ಹೇಳಲಾಗದು, ಹಾಗೆ ಬರೆಯಬೇಡಿ ಎಂದು ಎಚ್ಚರಿಸಿದರು. ಸರಿಯಾದ ಮಾತೇ. ಆಮೇಲೆ ಕಿಟಕಿಯ ಕಡೆ ನೋಡುತ್ತ, “ಬೆರಕೆ ಅಂದಿದ್ದೆನಲ್ಲ, ಅದು ತಪ್ಪಲ್ಲಮ್ಮ. ಬೆರಕೆಯೇ. ಜಾಗ ತಪ್ಪು ಹೇಳಿದ್ದೆ. ತಟ್ಟೇಲಿ ಅಲ್ಲ, ಹುಳದ ಒಳಗೆ,” ಎಂದರು. ಅವಧಿ ವಿಸ್ತರಣೆಗೆ ಅಲ್ಲೇ ಸಹಿ ಹಾಕಿದರು.

ಬಸ್ಸಿನಲ್ಲಿ ತುಮಕೂರಿನ ತನಕ ನಿದ್ದೆ ಮಾಡಿದೆ. ಗೆದ್ದೆ ಎಂದು ಒಮ್ಮೆಯೂ ಅನ್ನಿಸಲಿಲ್ಲ. ನನ್ನ ಹತ್ತಿರ ಎರಡು ಸ್ಲೈಡುಗಳಿದ್ದವು, ಹುಳು ಇರಲಿಲ್ಲ. ಆಮೇಲೆ ಎಷ್ಟೋ ಸಲ ಹುಲಿಯೂರುದುರ್ಗದ ತೊರೆಯಲ್ಲಿ ಈಲಿ ಇಳಿಬಿಟ್ಟು ಕೂತೆ. ಗುಬ್ಬಿಯ ಆ ಬಾವಿಗೂ ಇಳಿಬಿಟ್ಟು ನೋಡಿದೆ. ಅತ್ತೆಗೆ ಅದು ಬದನೆಕಾಯಿ ಚೂರು ಎಂದು ಹೇಳಿದ್ದೆವು. ಕನ್ನಡಕ ಸರಿಮಾಡಿಕೊಂಡು ದಾರವನ್ನು ನೋಡಿದರು, ನನ್ನನ್ನು ನೋಡಿದರು. ಬಿಳಿಯದು ಬರಲಿಲ್ಲ.

ಆ ಮನೆಗೆ ಈಗಲೂ ಹೋಗುತ್ತೇನೆ. ಬಾವಿಯ ನೀರು ತಣ್ಣಗೆ, ರುಚಿಯಾಗಿದೆ. ಲೋಟ ಕೈಗೆ ಬಂದಾಗ ಬೆಳಕಿನ ಕಡೆ ಒಂಚೂರು ವಾಲಿಸಿ ಒಳಗೆ ನೋಡುತ್ತೇನೆ. ಆಮೇಲೆ ಕುಡಿಯುತ್ತೇನೆ, ಆದರೆ ಪೂರ್ತಿ ಕುಡಿಯುವುದಿಲ್ಲ. ತಳದಲ್ಲಿ ಒಂಚೂರು ಉಳಿಸಿ, ಎದ್ದು ಹೋಗಿ ಬಾವಿಗೇ ಚೆಲ್ಲಿ ಬರುತ್ತೇನೆ.